ಹೆಣ್ಣು ಕೂಸಿಗೆ ಹೆಸರಿಡುವದು
(ಪಾಠಭಾಗ: ಲೂಕ 1:57–66)



ತುಂಗಭದ್ರೆಯ ದಡದಲ್ಲಿರುವ ಐರಣಿಯ ಒಂದು ಕ್ರೈಸ್ತ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಂದೆತಾಯಿಗಳು ಅದಕ್ಕೆ ಹನ್ನ ಎಂದು ಹೆಸರಿಡಬೇಕೆಂದಿದ್ದರು. ಇನ್ನೂ ಸಭೆಗೆ ಸೇರದ ಅಜ್ಜಿಯಾದರೋ, "ನಮ್ಮವ್ವನ ಹೆಸರು ತುಂಗವ್ವ, ಅದನ್ನಿಡದಿದ್ದರೆ ನಿಮ್ಮ ಗುಡಿಯ ಹೊಸ್ತಿಲನ್ನು ತುಳಿಯೆನು" ಎಂದು ಮುನಿದುಕೊಂಡಳು. ಆಗ ನಾವು ಆ ಮನೆಯವರೊಡನೆ ಕೂತು ಮೇಲಿನ ಭಾಗವನ್ನು ಓದಿದೆವು.

ಅಲ್ಲಿಯೂ ನೆಂಟರ ತಕರಾರು ಉಂಟು. ಅವರು ಕೂಸಿಗೆ ತಂದೆಯ ಹೆಸರನ್ನೇ ಇಡಬೇಕೆಂದಿದ್ದರು. ಎಲಿಸಬೇತಳು ಯೋಹಾನನೆಂದಾಗ, ಬಂಧುಗಳಲ್ಲಿ ಆ ಹೆಸರಿನವರು ಯಾರೂ ಇಲ್ಲವೆಂದು ಆಕ್ಷೇಪಿಸಿದರು. ಮೂಕನಾಗಿದ್ದ ಜಕರೀಯನು ಹಲಿಗೆಯನ್ನು ತರಿಸಿ ಹೆಸರನ್ನು ಬರೆದನು. ಇದರಿಂದ ನಾವು ಮೂರು ಸಂಗತಿಗಳನ್ನು ವಿಚಾರಿಸೋಣ.

1. ಅರ್ಥ. ಯೋಹಾನನೆಂದರೆ ಯೆಹೋವನು ಕೃಪಾಳು ಎಂದರ್ಥ. ಹನ್ನ ಎಂಬದೂ ಅದೇ ಇಬ್ರಿಯ ಮೂಲದ್ದು, ಅರ್ಥವು ಕೃಪೆ. ಅರ್ಥ ತಿಳಿಯದೆ ಬರೀ ಚಂದಕ್ಕಾಗಿ ಇಟ್ಟ ಹೆಸರಿಗಿಂತ, ತಾಯಿಯು ಮಗಳಿಗೆ ವಿವರಿಸಿ ಹೇಳಬಹುದಾದ ಹೆಸರು ಲೇಸು.

2. ಸಂಬಂಧ. ಹೊಳೆಯನ್ನು ಜನರು ಪೂಜಿಸುವದರಿಂದ ತುಂಗವ್ವನೆಂಬ ಹೆಸರು ಬೇಡವೆಂದು ಕೆಲವು ಸಹೋದರರು ಹೇಳಿದರು. ಮೊದಲು ನಾವೂ ಅವರ ಪಕ್ಷದವರೇ. ಆದರೆ ಫೊಯಿಬೆ ಎಂಬದು ಗ್ರೀಕರ ಪುರಾಣದ ಒಬ್ಬ ದೇವಿಯ ಹೆಸರು, ಪೌಲನು ಆ ಹೆಸರಿನ ಸಹೋದರಿಯನ್ನು ಅದೇ ಹೆಸರಿನಿಂದ ರೋಮಾಪುರದ ಸಭೆಗೆ ಒಪ್ಪಿಸಿದನು (ರೋಮಾ. 16:1). ನಮ್ಮ ನಾಡಿನಲ್ಲಿಯೂ 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬ ಹೊಸ ಹೆಸರನ್ನು ಪಡೆದರೂ ಹಳೆಯದನ್ನು ಬಿಡಲಿಲ್ಲ. ಹರಕೆಯಾಗಿ ದೇವತೆಗೆ ಒಪ್ಪಿಸಿ ಇಡುವ ಹೆಸರು ಬೇರೆ, ಹಿರಿಯಳ ನೆನಪಿಗೆ ಇಡುವ ಹೆಸರು ಬೇರೆ. ಹೊಳೆಯು ದೇವರಲ್ಲ, ದೇವರ ಸೃಷ್ಟಿ. ಅದರ ನೀರನ್ನು ನಾವೆಲ್ಲರೂ ಕುಡಿಯುತ್ತೇವೆ.

3. ಅಕ್ಷರ. ನಮ್ಮ ಬಾಯಲ್ಲಿ ಹಕಾರವು ಜಾರಿದರೆ ಹನ್ನಳು ಅನ್ನವಾಗುವಳು. ಶಾಲೆಯ ಮಕ್ಕಳು ನಗುವರು. ಆದರೆ ಗ್ರೀಕಿನಲ್ಲಿಯೂ ಹೀಗೆಯೇ ಹಕಾರವು ಹೋಗಿ, ದೇವಾಲಯವನ್ನು ಬಿಡದ ಆ ಮುದಿ ಪ್ರವಾದಿನಿಯು ಅನ್ನಳಾದಳು (ಲೂಕ 2:36). ನಾಚಿಕೆಗೆ ಕಾರಣವಿಲ್ಲ, ಬರವಣಿಗೆಯು ಮಾತ್ರ ಒಂದೇ ಆಗಿರಲಿ. ಇಂಗ್ಲಿಷಿನಲ್ಲಿ ಈ ಹೆಸರಿನ ಕೊನೆಗೆ ಎಚ್ ಅಕ್ಷರವನ್ನು ಕೆಲವರು ಬರೆಯುವರು, ಕೆಲವರು ಬಿಡುವರು. ಒಂದನ್ನು ಆರಿಸಿ ಎಲ್ಲಾ ಕಾಗದಗಳಲ್ಲಿ ಹಾಗೆಯೇ ಬರೆಸಿರಿ. 2023ನೇ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾಪ್ರವೇಶ, ಮತದಾರರ ಪಟ್ಟಿ ಮೊದಲಾದವುಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರು ನಿಶ್ಚಯವಾಗದಿದ್ದರೆ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಅದನ್ನು ಸೇರಿಸಬಹುದು. ಆದದರಿಂದ ಜಗಳವಾಡಿ ಅವಸರದಿಂದ ಬರೆಸಬೇಡಿರಿ.

ಕಡೆಗೆ ಆ ಮನೆಯ ತಂದೆಯು ಕಾಗದ ತಂದು, "ಹನ್ನ ತುಂಗವ್ವ" ಎಂದು ಬರೆದು, ತನ್ನ ತಾಯಿಗೆ ಓದಿ ಹೇಳಿದನು. ದೀಕ್ಷಾಸ್ನಾನದ ದಿನ ಅಜ್ಜಿಯು ಹೊಸ್ತಿಲು ದಾಟಿ ಬಂದು ಬಾಗಲ ಬಳಿಯಲ್ಲಿ ಕೂತಳು. ಹೆಸರನ್ನು ಕರೆದಾಗ ಸೆರಗಿನಿಂದ ಕಣ್ಣೊರಸಿಕೊಂಡಳು. ಅವಳ ಹೆಸರೂ ಜೀವಬಾಧ್ಯರ ಪಟ್ಟಿಯಲ್ಲಿ ಬರೆಯಲ್ಪಡುವಂತೆ ನಾವು ಪ್ರಾರ್ಥಿಸೋಣ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ನಿಮ್ಮ ಮಕ್ಕಳಿಗೆ ತಮ್ಮ ಹೆಸರಿನ ಅರ್ಥ ತಿಳಿದಿದೆಯೋ?
2. ಜಕರೀಯನು ಹೆಸರನ್ನು ಬರೆದ ಕೂಡಲೆ ಅವನಿಗೆ ಏನಾಯಿತು?
3. ನಂಬದ ಹಿರಿಯರ ಮನಸ್ಸನ್ನು ನೋಯಿಸದೆ ಎಷ್ಟರ ಮಟ್ಟಿಗೆ ಒಪ್ಪಬಹುದು, ಎಲ್ಲಿ ಒಪ್ಪಬಾರದು?