ಹೆಸರು ಮತ್ತು ಸ್ಥಾನ: ಶೋಧಯಂತ್ರದಲ್ಲಿ ಕೀರ್ತಿಯ ಪರೀಕ್ಷೆ

ಒಬ್ಬ ಪಾತ್ರೆ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. ಆತನ ಅಂಗಡಿಗೆ ಅಂತರಜಾಲದಲ್ಲಿ ಒಂದು ತಾಣವುಂಟು. ಆದರೆ ಗೂಗಲ್‌ನಂತಹ ಶೋಧಯಂತ್ರದಲ್ಲಿ 'ಹಿತ್ತಾಳೆ ಪಾತ್ರೆ' ಎಂದು ಹುಡುಕಿದವರಿಗೆ ಅದು 18ನೆಯ ಸ್ಥಾನದಲ್ಲಿ ಕಾಣುತ್ತದೆ. ಅಷ್ಟು ಕೆಳಗಿಳಿದು ನೋಡುವವರು ವಿರಳ. ವ್ಯಾಪಾರಿಯು ಮೂರು ತಿಂಗಳ ಕಾಲ ಪತ್ರಿಕೆ, ರೇಡಿಯೋಗಳಲ್ಲಿ ಅಂಗಡಿಯ ಹೆಸರನ್ನು ಸಾರಿಸಿದನು. ತಾಣವು 12ನೆಯ ಸ್ಥಾನಕ್ಕೆ ಏರಿತು. "ಹೆಸರು ಬೆಳೆಯಿತು, ಸ್ಥಾನವೂ ಏರಿತು" ಎಂದು ಪ್ರಚಾರದವರು ಹಣ ಕೇಳಿದರು. ಈ ಮಾತನ್ನು ನಂಬಬಹುದೆ?

ಶೋಧಯಂತ್ರವು ಪುಟಗಳಿಗೆ ಸ್ಥಾನ ಕೊಡುವ ಬಗೆಯನ್ನು ಮೊದಲು ತಿಳಿಯಬೇಕು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ಎಂಬ ವಿದ್ಯಾರ್ಥಿಗಳು ಪ್ರಕಟಿಸಿದ ವಿಧಾನದಲ್ಲಿ, ಒಂದು ಪುಟವು ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು ಒಂದು ಬಗೆಯ ಮತವೆಂದು ಎಣಿಸಲಾಗಿತ್ತು. ಮಾನ್ಯ ಪುಟದ ಮತಕ್ಕೆ ತೂಕ ಹೆಚ್ಚು. ಮುಂದೆ ಇದರೊಡನೆ ಇತರ ಅನೇಕ ಲಕ್ಷಣಗಳೂ ಸೇರಿದುವು. ಜನರು ಯಾವ ಫಲಿತಾಂಶವನ್ನು ಒತ್ತಿದರೆಂಬ ದಾಖಲೆಯನ್ನೂ ಗೂಗಲ್ ಬಳಸುವುದೆಂದು ಅದರ ಹಿರಿಯ ಅಧಿಕಾರಿ ಪಾಂಡು ನಾಯಕ್ ಅವರು 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಸಾಕ್ಷ್ಯ ನುಡಿದರು. ಹೆಸರುವಾಸಿಯಾದ ಅಂಗಡಿಗೆ ಕೊಂಡಿಗಳೂ ಹೆಚ್ಚು, ಒತ್ತುವವರೂ ಹೆಚ್ಚು. ಆದುದರಿಂದ ಕೀರ್ತಿಯು ಸ್ಥಾನವನ್ನು ಏರಿಸೀತೆಂಬ ಊಹೆ ಅಸಂಗತವಲ್ಲ. ಆದರೆ ಊಹೆ ಬೇರೆ, ಪ್ರಮಾಣ ಬೇರೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಕಾರಣವಾವುದು ಕಾರ್ಯವಾವುದು ಎಂಬ ಸಂದೇಹ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಶೋಧದ ಫಲಿತಾಂಶಗಳನ್ನು ಗುಟ್ಟಾಗಿ ತಲೆಕೆಳಗು ಮಾಡಿ ವಿದ್ಯಾರ್ಥಿಗಳ ಮುಂದಿಟ್ಟರು. ಮೇಲೆ ಬಂದುವು ಪ್ರಶ್ನೆಗೆ ಅಷ್ಟಾಗಿ ಹೊಂದದವು. ಆದರೂ ವಿದ್ಯಾರ್ಥಿಗಳು ಹೆಚ್ಚಾಗಿ ಮೇಲಿನವನ್ನೇ ಆರಿಸಿದರು. ಇದು 2007ರಲ್ಲಿ ಪ್ರಕಟವಾಯಿತು. ಎಂದರೆ, ಕೀರ್ತಿಯು ಸ್ಥಾನವನ್ನು ಕೊಡುವಂತೆ ಸ್ಥಾನವೂ ಕೀರ್ತಿಯನ್ನು ಕೊಡಬಲ್ಲದು. ಎರಡನೆಯದು, ಬೇರೆ ಕಾರಣಗಳ ಸಾಧ್ಯತೆ. ಆ ಮೂರು ತಿಂಗಳಲ್ಲಿ ಪ್ರತಿಸ್ಪರ್ಧಿಯ ತಾಣ ಹಾಳಾಗಿರಬಹುದು. ಯಂತ್ರದ ನಿಯಮಗಳೇ ಬದಲಾಗಿರಬಹುದು.

ಇಂತಹ ತೊಡಕನ್ನು ಬಿಡಿಸಿದ ಒಂದು ಪ್ರಯೋಗ ಉಲ್ಲೇಖಾರ್ಹವಾಗಿದೆ. ಈಬೇ ಎಂಬ ಅಮೆರಿಕದ ವ್ಯಾಪಾರ ಸಂಸ್ಥೆಯು, ತನ್ನ ಹೆಸರನ್ನೇ ಬರೆದು ಹುಡುಕುವವರಿಗೆ ಮೇಲ್ಭಾಗದಲ್ಲಿ ಕಾಣುವಂತೆ ಹಣ ಕೊಟ್ಟು ಜಾಹೀರಾತು ಹಾಕಿಸುತ್ತಿತ್ತು. ಅದನ್ನು ಒತ್ತಿ ಬಂದವರು ಬಹುಮಂದಿ. ಆದುದರಿಂದ ಅದು ಲಾಭಕರವೆಂದೇ ತೋರುತ್ತಿತ್ತು. 2012ರ ಮಾರ್ಚಿಯಲ್ಲಿ ಬ್ಲೇಕ್, ನಾಸ್ಕೊ, ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನಕ್ಕಾಗಿ ಯಾಹೂ ಮತ್ತು ಮೈಕ್ರೋಸಾಫ್ಟ್ ಶೋಧಯಂತ್ರಗಳಲ್ಲಿ ಆ ಜಾಹೀರಾತನ್ನು ನಿಲ್ಲಿಸಿ, ಹೋಲಿಕೆಗಾಗಿ ಗೂಗಲ್‌ನಲ್ಲಿ ಮಾತ್ರ ಮುಂದುವರಿಸಲಾಯಿತು. ಫಲವೇನು? ಮೈಕ್ರೋಸಾಫ್ಟ್ ಯಂತ್ರದಲ್ಲಿ, ಜಾಹೀರಾತು ನಿಂತುದರಿಂದ ತಪ್ಪಬೇಕಾಗಿದ್ದ ಭೇಟಿಗಳಲ್ಲಿ ಶೇಕಡಾ 99.5ರಷ್ಟು, ಅದರ ಕೆಳಗಿದ್ದ ಸಹಜ ಫಲಿತಾಂಶದ ಮೂಲಕವೇ ಬಂದುವು! ಹೆಸರು ತಿಳಿದವರು ಹೇಗೂ ಬರುವವರೇ. ಹಣವು ಅವರನ್ನು ಕರೆತಂದಿರಲಿಲ್ಲ. ಬಂದವರನ್ನು ಮಾತ್ರ ಎಣಿಸಿದ್ದರೆ ಈ ಸತ್ಯವು ಎಂದೂ ಹೊರಬೀಳುತ್ತಿರಲಿಲ್ಲ.

ಈ ತತ್ತ್ವವನ್ನು ನಮ್ಮ ವ್ಯಾಪಾರಿಗೆ ಅನ್ವಯಿಸೋಣ. ಆತನ ತಾಣದಲ್ಲಿ 40 ಪದಾರ್ಥಗಳಿಗೆ 40 ಪುಟಗಳಿವೆಯೆಂದು ಭಾವಿಸಿರಿ. ಚೀಟಿ ಎತ್ತಿ 20ನ್ನು ಆರಿಸಿ, ಅಂಗಡಿಯ ಹೆಸರಿನೊಡನೆ ಅವನ್ನು ಮಾತ್ರ ಸಾರಬೇಕು. ಉಳಿದ 20ನ್ನು ಹಾಗೆಯೇ ಬಿಡಬೇಕು. ಆಯ್ಕೆಯನ್ನು ಚೀಟಿಗೆ ಬಿಡುವುದೇಕೆ? ವ್ಯಾಪಾರಿಯೇ ಆರಿಸಿದರೆ ಚೆನ್ನಾಗಿ ಮಾರಾಟವಾಗುವ ಪದಾರ್ಥಗಳ ಕಡೆಗೆ ಮನಸ್ಸು ವಾಲುವುದು. ಸ್ಥಾನವನ್ನು ಅಳೆಯುವಾಗ ಅಂಗಡಿಯ ಹೆಸರಿನಿಂದ ಹುಡುಕಬಾರದು. ತನ್ನ ಹೆಸರಿಗೆ ತಾನು ಮೊದಲಾಗುವುದರಲ್ಲಿ ಹೆಚ್ಚಿನದೇನೂ ಇಲ್ಲ. 'ಹಿತ್ತಾಳೆ ಚೊಂಬು' ಎಂಬಂತಹ ಸಾಮಾನ್ಯ ಪದಗಳಿಂದಲೇ ವಾರವಾರವೂ ಅಳೆಯಬೇಕು.

ಸಾರಿದ ಪುಟಗಳು ಸರಾಸರಿ 6 ಸ್ಥಾನ ಏರಿ, ಸಾರದವು 5 ಸ್ಥಾನ ಏರಿದುವೆನ್ನೋಣ. ಆಗ ಪ್ರಚಾರದ ಫಲವೆಂದು ಹೇಳಬಹುದಾದುದು 6 ಅಲ್ಲ, 1 ಮಾತ್ರ. ಆ ಒಂದೂ ಆಕಸ್ಮಿಕವಿರಬಹುದು. 40 ಪುಟಗಳ ಏರಿಳಿತಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, 20-20ರಂತೆ ಮತ್ತೆ ಮತ್ತೆ ವಿಭಾಗಿಸಿ ನೋಡಿರಿ. ಹೀಗೆ ಸುಮ್ಮನೆ ವಿಭಾಗಿಸಿದಾಗಲೂ 1ರಷ್ಟು ವ್ಯತ್ಯಾಸ ಪದೇ ಪದೇ ಬರುವುದಾದರೆ, ಪ್ರಯೋಗವು ಏನನ್ನೂ ಸಾಧಿಸಿದಂತಾಗಲಿಲ್ಲ.

ಈ ವಿಧಾನಕ್ಕೂ ಮಿತಿಯುಂಟು. ಅಂಗಡಿಯ ಹೆಸರು ಬೆಳೆದರೆ ಸಾರದ ಪುಟಗಳೂ ಅದರ ಫಲವನ್ನು ಉಂಡಾವು. ಆಗ ನಿಜವಾದ ಪರಿಣಾಮವು ಲೆಕ್ಕದಲ್ಲಿ ಕಡಿಮೆಯಾಗಿ ಕಾಣುವುದು. ಆದುದರಿಂದ ಪ್ರಚಾರವನ್ನು ಕೆಲಕಾಲ ನಿಲ್ಲಿಸಿ, ಪುನಃ ಆರಂಭಿಸಿ, ಸ್ಥಾನವೂ ಅದಕ್ಕೆ ತಕ್ಕಂತೆ ಇಳಿದೇರುವುದೇ ಎಂದು ಪರೀಕ್ಷಿಸಬೇಕು. ಕೀರ್ತಿಯು ಬೇಗ ಬೆಳೆಯುವುದೂ ಇಲ್ಲ, ಬೇಗ ಅಳಿಯುವುದೂ ಇಲ್ಲ. ಇದಕ್ಕೆ ತಾಳ್ಮೆ ಬೇಕು.

ಸಣ್ಣ ವ್ಯಾಪಾರಿಗೆ ಪ್ರಚಾರದ ಹಣವೆಂದರೆ ವರ್ಷದ ಉಳಿತಾಯವೇ ಆಗಿರಬಹುದು. ಅದನ್ನು ಸುರಿಯುವ ಮೊದಲು ಆತನು ಕೇಳಬೇಕಾದ ಪ್ರಶ್ನೆ ಒಂದೇ: "ಏನೂ ಮಾಡದೆ ಬಿಟ್ಟಲ್ಲಿ ಏನಾಯಿತು?" ಔಷಧವನ್ನಾಗಲಿ ಗೊಬ್ಬರವನ್ನಾಗಲಿ ಪರೀಕ್ಷಿಸುವ ವಿಜ್ಞಾನಿಯೂ ಕೇಳುವುದು ಇದನ್ನೇ. ಮುಂದೆ ಯಾವ ಜಾಹೀರಾತನ್ನು ಕಂಡಾಗಲೂ ನಮ್ಮ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮರೆಯದಿರಲಿ.