ಕೂಸಿನ ಬೆಳವಣಿಗೆಯೂ ಅಜ್ಜ ಅಜ್ಜಿಯರ ಕಣ್ಣೂ

ಗದಗ ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಮ್ಮ ಸೀಮೆಯಲ್ಲಿ ಚೊಚ್ಚಲ ಹೆರಿಗೆಯು ತವರುಮನೆಯವರ ಆರೈಕೆಯಲ್ಲಿ ಆಗುವದು ವಾಡಿಕೆಯಷ್ಟೆ. ಕೆಲವು ತಿಂಗಳು ಕಳೆದ ಮೇಲೆ ತೊಟ್ಟಿಲು, ಕೌದಿ, ಕುಂಚಿಗೆಗಳ ಸಮೇತ ತಾಯಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳುಹಿಸಿ ಕೊಡುವರು. ಇದರಿಂದುಂಟಾಗುವ ಒಂದು ಸಂಗತಿಯನ್ನು ನಾವು ಲಕ್ಷಿಸುವದಿಲ್ಲ. ಅದೇನಂದರೆ, ಕೂಸಿನ ಮೊದಲ ನಗೆಯನ್ನೂ ಕುತ್ತಿಗೆ ನಿಲ್ಲುವದನ್ನೂ ಒಬ್ಬ ಅಜ್ಜಿಯು ನೋಡುವಳು. ಕುಳಿತುಕೊಳ್ಳುವದನ್ನೂ ಅಂಬೆಗಾಲಿಕ್ಕುವದನ್ನೂ ನಡೆಯುವದನ್ನೂ ಮತ್ತೊಬ್ಬಳು ನೋಡುವಳು. ಒಂದೇ ಕೂಸಿನ ಚರಿತ್ರೆಯು ಹೀಗೆ ಎರಡು ಮನೆಗಳಲ್ಲಿ ಹಂಚಿ ಹೋಗುತ್ತದೆ.

ಮೊದಲು ನಗೆಯನ್ನು ಕುರಿತು ವಿಚಾರಿಸೋಣ. ಹುಟ್ಟಿದ ವಾರದಲ್ಲಿಯೇ ಕೂಸು ನಿದ್ರೆಯಲ್ಲಿ ನಗುವದುಂಟು. ಶೆಟವಿಯು ಬಂದು ನಗಿಸುವಳೆಂದು ಊರ ಮುದುಕಿಯರು ಹೇಳುವರು. ಯಾರೂ ಬರುವದಿಲ್ಲ, ಅದು ತುಟಿಗಳ ತಾನಾದ ಚಲನೆಯೇ ಹೊರತು ಮತ್ತೇನಲ್ಲ. ಮನುಷ್ಯರ ಮುಖವನ್ನು ಕಂಡು ನಗುವ ನಗೆಯು ಬೇರೆ. ಅದು ಹೆಚ್ಚಾಗಿ 6ರಿಂದ 8 ವಾರಗಳ ಸುಮಾರಿಗೆ ತೋರುತ್ತದೆ. ಆ ಹೊತ್ತಿನಲ್ಲಿ ಎತ್ತಿಕೊಂಡವನು ಅಜ್ಜನಾಗಿದ್ದರೆ, ತನ್ನನ್ನೇ ಗುರುತು ಹಿಡಿದು ನಕ್ಕಿತೆಂದು ಸಂತೆಯ ತನಕ ಹೇಳಿ ಬರುವನು. ಹೇಳಲಿ. ಮುಖದ ಹತ್ತಿರ ಮುಖವಿಟ್ಟು ದಿನವೆಲ್ಲ ಮಾತನಾಡುವ ಮುದುಕರಿಗಿಂತ ಒಳ್ಳೇ ಉಪಾಧ್ಯಾಯರು ಆ ವಯಸ್ಸಿನ ಕೂಸಿಗೆ ಬೇರೆಲ್ಲಿ ಸಿಕ್ಕಾರು?

ಆದರೆ ಪ್ರೀತಿಯ ಬೆನ್ನ ಹಿಂದೆಯೇ ಹೋಲಿಕೆಯೂ ಬರುತ್ತದೆ. ನೆರೆಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತು, ನಮ್ಮದು ವರುಷ ತುಂಬಿದರೂ ಗೋಡೆ ಹಿಡಿದು ನಿಂತಿದೆ ಎಂದು ಅತ್ತೆಯು ನಿಟ್ಟುಸಿರಿಟ್ಟರೆ ಆ ಮಾತು ಸೊಸೆಯ ಎದೆಯಲ್ಲಿ ನಾಟುತ್ತದೆ. ಜಗತ್ತಿನ ಆರೋಗ್ಯ ಸಂಸ್ಥೆಯವರು ಭಾರತ, ಘಾನಾ, ನಾರ್ವೆ, ಓಮಾನ್, ಅಮೇರಿಕ ಈ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ್ದನ್ನು ಇಂಥ ಅತ್ತೆಯರು ತಿಳಿಯತಕ್ಕದ್ದು. ಆಸರೆಯಿಲ್ಲದೆ ಕುಳಿತುಕೊಳ್ಳುವದಕ್ಕೆ ಸುಮಾರು 4 ತಿಂಗಳಿಂದ 9 ತಿಂಗಳ ವರೆಗೂ, ತಾನಾಗಿ ನಡೆಯುವದಕ್ಕೆ ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳ ವರೆಗೂ ಅಂತರವು ಕಂಡು ಬಂತು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಕ್ಕದೆಯೇ ನಡೆದವು. ದಿನ ತುಂಬದೆ ಹುಟ್ಟಿದ ಕೂಸಿನ ವಯಸ್ಸನ್ನಾದರೋ ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಎರಡು ತಿಂಗಳು ಮುಂಚೆ ಬಂದ ಕೂಸನ್ನು ಎರಡು ತಿಂಗಳು ತಡವೆಂದು ದೂರುವದು ನ್ಯಾಯವಲ್ಲ. ಬೇಗ ನಡೆಯಲೆಂದು ಪೇಟೆಯಿಂದ ತರುವ, ಕೂಸನ್ನು ಒಳಗೆ ಕೂಡಿಸುವ ಗಾಲಿಯ ವಾಕರ್ ಕೂಡ ಬೇಡ. ಅದರಿಂದ ನಡಿಗೆಯು ಬೇಗ ಬರುವದಿಲ್ಲ, ಕೂಸು ಮೆಟ್ಟಲುಗಳಿಂದ ಉರುಳುವದುಂಟು. ಕೆನಡಾ ದೇಶದಲ್ಲಿ 2004ರಲ್ಲಿ ಅದನ್ನು ನಿಷೇಧಿಸಿದರು.

ಕಾಲಿನ ವಿಷಯದಲ್ಲಿ ಇಷ್ಟು ಅವಸರಪಡುವ ನಾವು ಕಿವಿಯ ವಿಷಯದಲ್ಲಿ ವರುಷಗಟ್ಟಲೆ ಸುಮ್ಮನಿರುತ್ತೇವೆ. ಇದೇ ನನಗೆ ಆಶ್ಚರ್ಯವಾಗಿ ತೋರುತ್ತದೆ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಊಂ, ಆಂ ಎಂದು ಧ್ವನಿಮಾಡುತ್ತದೆ. ಮುಖ ಕಂಡರೆ ನಗುತ್ತದೆ. ಆದದರಿಂದ ತವರುಮನೆಯಲ್ಲಿ ಯಾರಿಗೂ ಸಂಶಯ ಹುಟ್ಟುವದಿಲ್ಲ. ಕೇಳುವ ಕೂಸು 6ರಿಂದ 10 ತಿಂಗಳೊಳಗೆ ಬಾಬಾ, ದಾದಾ, ತಾತಾ ಎಂದು ಒಂದೇ ಸಮನೆ ತೊದಲಲಿಕ್ಕೆ ತೊಡಗುವದು. ಅಜ್ಜನು ಅದನ್ನು ತನ್ನ ಹೆಸರೆಂದು ಎಣಿಸಿಕೊಳ್ಳುವನಾದರೂ ಅರ್ಥವುಳ್ಳ ಮಾತು ವರುಷದ ಸುಮಾರಿಗೆ ಬರುವಂಥದು. ಕೇಳದ ಕೂಸಿನಲ್ಲಿ ಈ ತೊದಲು ಬೆಳೆಯುವದಿಲ್ಲ. ಆದರೆ ಅಷ್ಟರಲ್ಲಿ ಅದು ಬೇರೆ ಮನೆಯಲ್ಲಿರುತ್ತದೆ. ಅಲ್ಲಿಯ ಅಜ್ಜಿಯು, "ಇವನಪ್ಪನೂ ಮೂರು ವರುಷದ ತನಕ ಮಾತಾಡಲಿಲ್ಲ, ಹುಡುಗರು ತಡ" ಎಂದು ಹೇಳಿ ನಾಲಿಗೆಗೆ ಬಜೆ ತೇಯ್ದು ಹಚ್ಚುವಳು. ಬಜೆಯು ಕಿವಿಯನ್ನು ತೆರೆಯಲಾರದು. ಅದನ್ನು ಜೇನಿನಲ್ಲಿ ಕೊಡುವದಂತೂ ವರುಷದೊಳಗಿನ ಕೂಸಿಗೆ ಅಪಾಯಕರ.

ಇನ್ನೂ ಒಂದು ಮಾತು. ನಮ್ಮಲ್ಲಿ ಮಗಳನ್ನು ಸೋದರಮಾವನಿಗಾಗಲಿ ಅತ್ತೆಯ ಮಗನಿಗಾಗಲಿ ಕೊಡುವ ಪದ್ಧತಿಯುಂಟು. ಇಂಥ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಹತ್ತಿರದ ಬಂಧುಗಳಲ್ಲಿ ಯಾರಾದರೂ ಮೂಗರಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸುವದು ಆ ಕೂಸಿಗೆ ಮಾಡುವ ದೊಡ್ಡ ಉಪಕಾರ. ಬೀಗತಿಯರಿಬ್ಬರೂ ಒಂದೇ ಮನೆತನದವರಾದರೆ ಇಬ್ಬರೂ ಬಾಯಿ ಮುಚ್ಚಿಕೊಳ್ಳುವದೇ ಹೆಚ್ಚು.

ಪರೀಕ್ಷೆ ಹೇಗೆ? ತಟ್ಟೆಯನ್ನು ನೆಲಕ್ಕೆ ಬಡಿದು ನೋಡಿದರೆ ಸಾಲದು. ನೆಲವು ಅದುರಿದರೂ ನೆರಳು ಸರಿದರೂ ಕಿವುಡು ಕೂಸು ಬೆಚ್ಚುತ್ತದೆ. ಮಲಗಿರುವ ಕೂಸಿನ ಕಿವಿಯಲ್ಲಿ ಸಣ್ಣ ಯಂತ್ರವನ್ನಿಟ್ಟು ನೋವಿಲ್ಲದೆ ಪರೀಕ್ಷಿಸುವ ಕ್ರಮವುಂಟು. 1 ತಿಂಗಳೊಳಗೆ ಪರೀಕ್ಷೆ, 3 ತಿಂಗಳೊಳಗೆ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ವೈದ್ಯರು ಇಟ್ಟುಕೊಂಡಿರುವ ಗುರಿ. ಯಾಕಂದರೆ ಮಿದುಳು ಮಾತನ್ನು ಕಲಿಯುವದಕ್ಕೆ ಮೊದಲ ವರುಷಗಳೇ ಮುಖ್ಯವಾದವು. ಮೂರು ವರುಷ ಕಾದು ನೋಡಿದವರು ಆ ಕಾಲವನ್ನು ಹಿಂದಕ್ಕೆ ತರಲಾರರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ನೋಡತಕ್ಕ ದೋಷಗಳಲ್ಲಿ ಹುಟ್ಟುಕಿವುಡೂ ಸೇರಿದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಗದಗದ ಜಿಲ್ಲಾ ಆಸ್ಪತ್ರೆಗೆ ದಾರಿ ತೋರಿಸುವಳು. ಮೈಸೂರಿನಲ್ಲಿ ಇದಕ್ಕಾಗಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ವರುಷದೊಳಗೆ ಒಂದೇ ಕೈಯನ್ನು ಉಪಯೋಗಿಸಿದರೆ, 18 ತಿಂಗಳಿಗೂ ನಡೆಯದಿದ್ದರೆ, ಕಲಿತದ್ದನ್ನು ಯಾವಾಗಲಾದರೂ ಮರೆತುಬಿಟ್ಟರೆ ಆಗಲೂ ತಡಮಾಡದೆ ತೋರಿಸತಕ್ಕದ್ದು.

ಆದಕಾರಣ ಲಕ್ಷ್ಮೇಶ್ವರದ ಅಜ್ಜಿಯು ಮುಂಡರಗಿಗೆ ತೊಟ್ಟಿಲನ್ನು ಕಳುಹಿಸುವಾಗ ತಾಯಿ ಕಾರ್ಡಿನೊಂದಿಗೆ ಒಂದು ಚೀಟಿಯನ್ನೂ ಇಡಲಿ: ನಕ್ಕದ್ದು ಯಾವ ವಾರ, ಕುತ್ತಿಗೆ ನಿಂತದ್ದು ಯಾವಾಗ, ಕಾಣದ ಕಡೆಯಿಂದ ಕೂಗಿದರೆ ಕೂಸು ಸುಮ್ಮನಾಗಿ ಆಲಿಸುತ್ತಿತ್ತೋ ಇಲ್ಲವೋ. ಬರೆಯಲು ಬಾರದಿದ್ದರೆ ಮಗಳ ಕೈಯಿಂದ ಬರೆಸಲಿ. ಮುಂಡರಗಿಯ ಅಜ್ಜಿಯು ಅದರ ಕೆಳಗೇ ಮುಂದಿನದನ್ನು ಬರೆಸುತ್ತಾ ಹೋಗಬಹುದು.