ಪೂರ್ವನಿರ್ಮಿತ ಕಾಂಕ್ರೀಟ್ ಕಟ್ಟಡಗಳಲ್ಲಿ ಉಕ್ಕಿನ ಜೋಡಣೆಗಳ ಅಗ್ನಿರಕ್ಷಣೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಕಂಬ, ತೊಲೆ, ಗೋಡೆ ಹಾಗೂ ಚಾವಣಿಯ ಭಾಗಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು, ಸ್ಥಳಕ್ಕೆ ತಂದು ಜೋಡಿಸುವ ಪ್ರೀಕಾಸ್ಟ್ ಪದ್ಧತಿಯು ಸರಕಾರಿ ಕಾಮಗಾರಿಗಳಲ್ಲಿಯೂ ಬಳಕೆಗೆ ಬಂದಿದೆ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳ ಕಟ್ಟಡಗಳು ಇದಕ್ಕೆ ಪರಿಚಿತ ನಿದರ್ಶನ. ಕೆಲಸ ಬೇಗ ಮುಗಿಯುವುದು ಈ ಪದ್ಧತಿಯ ಗುಣ. ಆದರೆ ಬಿಡಿಭಾಗಗಳು ಎಷ್ಟೇ ಗಟ್ಟಿಯಾಗಿದ್ದರೂ, ಕಟ್ಟಡವನ್ನು ಒಂದಾಗಿ ಹಿಡಿದಿಡುವುದು ಅವುಗಳ ನಡುವಿನ ಜೋಡಣೆ. ಹಲವೆಡೆ ಈ ಜೋಡಣೆಯು ಉಕ್ಕಿನ ಫಲಕ, ಬೋಲ್ಟ್ ಮತ್ತು ಬೆಸುಗೆಯಿಂದ ಆಗಿರುತ್ತದೆ.

ಉಕ್ಕು ಬೆಂಕಿಯಲ್ಲಿ ಉರಿಯುವುದಿಲ್ಲ. ಆದರೆ ಸುಮಾರು 550 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಟ್ಟಡದ ಭಾಗಗಳನ್ನು ಪರೀಕ್ಷಿಸುವ ಪ್ರಮಾಣಿತ ಕುಲುಮೆಯ ಶಾಖವು ಮೊದಲ 5 ನಿಮಿಷಗಳಲ್ಲಿಯೇ ಈ ಮಟ್ಟವನ್ನು ದಾಟುತ್ತದೆ. ಕಾಂಕ್ರೀಟಿನೊಳಗಿರುವ ಸರಳು ನಿಧಾನವಾಗಿ ಕಾಯುತ್ತದೆ. ಹೊರಗೆ ಕಾಣುವ ತೆಳು ಫಲಕವು ಬೇಗ ಕಾಯುತ್ತದೆ. ಆದುದರಿಂದ ಕಂಬ ಮತ್ತು ತೊಲೆ ಎಷ್ಟು ಹೊತ್ತು ಬೆಂಕಿಯನ್ನು ತಾಳಬೇಕೋ, ಅವುಗಳ ಜೋಡಣೆಯೂ ಅಷ್ಟೇ ಹೊತ್ತು ತಾಳಬೇಕು ಎಂಬುದು ಮುಖ್ಯ ನಿಯಮ.

ಜೋಡಣೆ ದುರ್ಬಲವಾಗಿದ್ದರೆ ಏನಾಗುವುದೆಂಬುದನ್ನು ಲಂಡನ್ನಿನ ರೋನನ್ ಪಾಯಿಂಟ್ ತೋರಿಸಿತು. 1968ರ ಮೇ 16ರಂದು ಅನಿಲ ಸ್ಫೋಟದಿಂದ ಗೋಡೆಯ ಫಲಕಗಳು ಕಳಚಿ, 22 ಅಂತಸ್ತಿನ ಆ ಪೂರ್ವನಿರ್ಮಿತ ಕಟ್ಟಡದ ಒಂದು ಮೂಲೆಯೇ ಕುಸಿಯಿತು. 4 ಜನ ಮೃತರಾದರು. ಅದು ಬೆಂಕಿಯ ಪ್ರಕರಣವಲ್ಲವಾದರೂ, ಒಂದು ಭಾಗ ಕಳಚಿದರೆ ಇತರ ಭಾಗಗಳೂ ಅದನ್ನು ಹಿಂಬಾಲಿಸಬಲ್ಲವೆಂಬ ಪಾಠ ಎರಡಕ್ಕೂ ಒಂದೇ.

ಜೋಡಣೆಯನ್ನು ಕಾಂಕ್ರೀಟ್ ಅಥವಾ ಕುಗ್ಗದ ಗಾರೆಯಿಂದ ನಿಗದಿತ ದಪ್ಪಕ್ಕೆ ಮುಚ್ಚುವುದು ಸರಳ ಉಪಾಯ. ಅಗ್ನಿನಿರೋಧಕ ಹಲಗೆ ಹೊದಿಸುವುದು, ಶಾಖಕ್ಕೆ ಉಬ್ಬಿ ರಕ್ಷಣಾಪದರವಾಗುವ ಬಣ್ಣ ಹಚ್ಚುವುದು ಇತರ ಉಪಾಯಗಳು. ಸಾಮಾನ್ಯ ಬಣ್ಣದಿಂದ ಈ ರಕ್ಷಣೆ ದೊರೆಯದು.

ಹೊಳನಗದ್ದೆಯಂತಹ ಕರಾವಳಿ ಗ್ರಾಮಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಹೊದಿಕೆಯನ್ನು ಒಡೆಯುತ್ತದೆ. ಹೊದಿಕೆ ಉದುರಿದಲ್ಲಿ ಅಗ್ನಿರಕ್ಷಣೆಯೂ ಇಲ್ಲವಾಗುತ್ತದೆ.

ಆದ್ದರಿಂದ ಪಂಚಾಯತಿಯ ಕಾಮಗಾರಿಗಳಲ್ಲಿ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಜೋಡಣೆಯು ಎಷ್ಟು ಹೊತ್ತು ಬೆಂಕಿಯನ್ನು ತಾಳಬೇಕು, ಅದರ ಹೊದಿಕೆ ಯಾವುದು, ದಪ್ಪವೆಷ್ಟು ಎಂಬುದು ನಕ್ಷೆಯಲ್ಲಿ ನಮೂದಾಗಿದೆಯೇ?
2. ಹೊದಿಕೆ ಹಾಕುವ ಮೊದಲು ಅಭಿಯಂತರರು ಪ್ರತಿ ಜೋಡಣೆಯನ್ನೂ ಪರಿಶೀಲಿಸಿ ಛಾಯಾಚಿತ್ರ ಇರಿಸಿದ್ದಾರೆಯೇ?
3. ಮಳೆಗಾಲ ಮುಗಿದ ಬಳಿಕ ಬಿರುಕು ಮತ್ತು ತುಕ್ಕಿನ ಕಲೆಗಳ ತಪಾಸಣೆ ಪ್ರತಿವರ್ಷ ನಡೆಯುತ್ತಿದೆಯೇ?

ಮುಚ್ಚಿದ ಮೇಲೆ ಜೋಡಣೆ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಈ ಪ್ರಶ್ನೆಗಳನ್ನು ಅಂತಿಮ ಬಿಲ್ಲಿನ ಹೊತ್ತಿಗಲ್ಲ, ಕೆಲಸ ನಡೆಯುತ್ತಿರುವಾಗಲೇ ಕೇಳುವುದು ಸೂಕ್ತ.